ಇವತ್ತಿನ ಎತ್ತರಕ್ಕೆ ಒಂದು ಗಾಡಿ

ಮಗಳಿಗೆ 12 ತುಂಬಿತು. ಎರಡು ವರ್ಷ ಓಡಿಸಿದ ಪುಟ್ಟ ಎಲೆಕ್ಟ್ರಿಕ್ ಟ್ರಯಲ್ಸ್ ಗಾಡಿಯ ಮೇಲೆ ನಿಂತರೆ ಈಗ ಅವಳ ಮೊಣಕಾಲು ಹ್ಯಾಂಡಲ್‌ಗೆ ತಾಗುತ್ತಿತ್ತು. ಸೊಂಟ ಬಗ್ಗಿಸಿ, ಕತ್ತು ಎತ್ತಿ, ಹೇಗೋ ಸರಿಮಾಡಿಕೊಂಡು ಓಡಿಸುತ್ತಿದ್ದಳು. ಒಂದು ಸಂಜೆ ಬಂಡೆ ಇಳಿಸಿ ಬಂದವಳು ಹೆಲ್ಮೆಟ್ ತೆಗೆದು, "ಅಪ್ಪಾ, ಇದು ಚಿಕ್ಕದಾಯ್ತು ಅಲ್ವಾ" ಅಂದಳು. ಬೇಜಾರಿನಿಂದಲೇ ಹೇಳಿದಳು. ಆ ಗಾಡಿ ಅವಳಿಗೆ ಅಷ್ಟು ಇಷ್ಟ.

ಗೊತ್ತಿಲ್ಲದವರಿಗೆ ಒಂದು ಮಾತು. ಟ್ರಯಲ್ಸ್ ಅಂದರೆ ರೇಸ್ ಅಲ್ಲ. ಬಂಡೆ, ಮರದ ದಿಮ್ಮಿ, ಹಳ್ಳ, ಕಡಿದಾದ ಏರು ಇವುಗಳ ನಡುವೆ ಗುರುತು ಹಾಕಿದ ಒಂದು ದಾರಿ ಇರುತ್ತದೆ, ಅದಕ್ಕೆ ಸೆಕ್ಷನ್ ಅಂತ ಹೆಸರು. ಕಾಲು ನೆಲಕ್ಕೆ ಊರದೆ ಅದನ್ನು ದಾಟಬೇಕು. ಒಂದು ಸಲ ಊರಿದರೆ 1 ಅಂಕ, ಎರಡು ಸಲಕ್ಕೆ 2, ಅದಕ್ಕಿಂತ ಜಾಸ್ತಿ ಎಷ್ಟು ಸಲ ಊರಿದರೂ 3, ಬಿದ್ದರೆ ಅಥವಾ ದಾರಿ ಬಿಟ್ಟು ಹೋದರೆ 5. ಕೊನೆಗೆ ಕಡಿಮೆ ಅಂಕ ಇದ್ದವರು ಗೆಲ್ಲುತ್ತಾರೆ. ಈ ಗಾಡಿಗೆ ಸರಿಯಾದ ಸೀಟೇ ಇರುವುದಿಲ್ಲ, ಓಡಿಸುವುದೆಲ್ಲ ನಿಂತುಕೊಂಡೇ. ಹಾಗಾಗಿ ಓಡಿಸುವವರ ಎತ್ತರಕ್ಕೂ ಗಾಡಿಯ ಅಳತೆಗೂ ಇರುವ ಹೊಂದಾಣಿಕೆ ಬೇರೆ ಬೈಕುಗಳಿಗಿಂತ ಇಲ್ಲಿ ತುಂಬಾ ಮುಖ್ಯ.

ಅವಳ ಮನಸ್ಸಿನಲ್ಲಿ ಒಂದು ಗಾಡಿ ಆಗಲೇ ಇತ್ತು. ಕೆಂಪು ಮೊಂಟೆಸಾ. ಸ್ಪೇನ್‌ನ ಟ್ರಯಲ್ಸ್ ಸವಾರ ಟೋನಿ ಬೌ 2007ರಲ್ಲಿ ಮೊದಲ ಸಲ ವಿಶ್ವ ಚಾಂಪಿಯನ್ ಆದದ್ದು ಆ ಕಂಪನಿಯ ಗಾಡಿಯಲ್ಲೇ. ಅವರ ವಿಡಿಯೋಗಳನ್ನು ಎಷ್ಟು ಸಲ ನೋಡಿದ್ದಾಳೋ ಲೆಕ್ಕವಿಲ್ಲ. ಆದರೆ ಅದು ದೊಡ್ಡವರ ಫೋರ್ ಸ್ಟ್ರೋಕ್ ಗಾಡಿ, ಇವಳ ತೂಕ 38 ಕೆಜಿ. ಬೌ ಕೂಡ ಚಿಕ್ಕಂದಿನಲ್ಲಿ ಇಂಜಿನ್ ಇಲ್ಲದ ಟ್ರಯಲ್ಸ್ ಸೈಕಲ್‌ನಲ್ಲೇ ಬ್ಯಾಲೆನ್ಸ್ ಕಲಿತವರು ಅಂತ ಹೇಳಿದೆ. ಒಪ್ಪಿಕೊಂಡಳು. ಈಗ ಅವಳಿಗೆ ಬೇಕಾಗಿದ್ದು ಕ್ಲಚ್ ಕಲಿಸುವ ಒಂದು ಗಾಡಿ. ಹಳೆಯ ಎಲೆಕ್ಟ್ರಿಕ್‌ನಲ್ಲಿ ಕ್ಲಚ್ ಇರಲಿಲ್ಲ, ಗೇರ್ ಇರಲಿಲ್ಲ, ವೇಗ ಮತ್ತು ಪಿಕಪ್ ಹೊಂದಿಸಲು ಸಣ್ಣ ತಿರುಪುಗಳಿದ್ದವು, ಅಷ್ಟೇ. ಟ್ರಯಲ್ಸ್‌ನಲ್ಲಿ ಅರ್ಧ ವಿದ್ಯೆ ಇರುವುದೇ ಕ್ಲಚ್ ಹಿಡಿದ ಆ ಒಂದು ಬೆರಳಲ್ಲಿ.

ಒಂದೇ ದಿನ ಮೂರು ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೊರಟೆವು. ಅವಳ ಬೂಟು, ಹೆಲ್ಮೆಟ್, ಗ್ಲೌಸ್, ಒಂದು ಟಾರ್ಚ್, ಒಂದು ಸ್ಪ್ಯಾನರ್, ಹಳೆ ಬಟ್ಟೆ. ಇಷ್ಟೇ ಸಾಮಾನು.

ಮೊದಲನೆಯದು 125 ಸಿಸಿ ಟೂ ಸ್ಟ್ರೋಕ್. ದೂರದಿಂದಲೇ ಹೊಳೆಯುತ್ತಿತ್ತು. ಹೊಸ ಸ್ಟಿಕರ್, ಹೊಸ ಮಡ್‌ಗಾರ್ಡ್, ಹೊಸ ಗ್ರಿಪ್. ಮಗಳ ಕಣ್ಣು ಅರಳಿತು. ನಾನು ಹೋಗಿ ಮೊದಲು ಮಾಡಿದ ಕೆಲಸ ಇಂಜಿನ್ ಮೇಲೆ ಅಂಗೈ ಇಟ್ಟಿದ್ದು. ಬಿಸಿ ಇತ್ತು. ಸ್ಟಾರ್ಟ್ ಮಾಡಬೇಡಿ, ತಣ್ಣಗೇ ಇರಲಿ ಅಂತ ಹಿಂದಿನ ದಿನವೇ ಫೋನಿನಲ್ಲಿ ಕೇಳಿಕೊಂಡಿದ್ದೆ. ತಣ್ಣಗಿರುವ ಇಂಜಿನ್ ಎಷ್ಟು ಕಿಕ್‌ಗೆ ಎದ್ದೇಳುತ್ತದೆ ಅನ್ನುವುದರಲ್ಲೇ ಅದರ ಆರೋಗ್ಯ ತಿಳಿಯುತ್ತದೆ. ಬಿಸಿಯಾದ ಮೇಲೆ ಸೋತ ಇಂಜಿನ್ ಕೂಡ ಒಂದೇ ಕಿಕ್‌ಗೆ ಹೊರಡಬಹುದು. ಅವರು ಮರೆತಿದ್ದರೂ ಇರಬಹುದು ಅಂದುಕೊಂಡು ಮುಂದೆ ನೋಡಿದೆ.

ಏರ್ ಫಿಲ್ಟರ್ ಮುಚ್ಚಳ ತೆಗೆಸಿದೆ. ಫಿಲ್ಟರ್ ಒಣಗಿ, ಅದರ ಒಳಬದಿಯಲ್ಲೂ ಸಣ್ಣ ಧೂಳು ಕೂತಿತ್ತು. ಅಂದರೆ ಅದೇ ಧೂಳು ಪಿಸ್ಟನ್‌ವರೆಗೂ ಹೋಗಿದೆ. ಸ್ಟಿಕರ್ ನೋಡಿ ಗಾಡಿ ಕೊಳ್ಳಬೇಡಿ, ಫಿಲ್ಟರ್ ನೋಡಿ ಕೊಳ್ಳಿ ಅಂತ ಯಾರಿಗೆ ಬೇಕಾದರೂ ಹೇಳುತ್ತೇನೆ. ಫಿಲ್ಟರ್ ತೊಳೆದು ಎಣ್ಣೆ ಹಚ್ಚಿ ಇಟ್ಟುಕೊಂಡವರು ಉಳಿದದ್ದನ್ನೂ ಹಾಗೇ ನೋಡಿಕೊಂಡಿರುತ್ತಾರೆ. ಆಮೇಲೆ ಗಾಡಿಯನ್ನು ಒಂದು ಡಬ್ಬದ ಮೇಲೆ ಏರಿಸಿ ಹಿಂದಿನ ಚಕ್ರ ಹಿಡಿದು ಮೇಲಕ್ಕೆ ಎತ್ತಿದೆ. ಟಕ್ ಅಂತು. ಶಾಕ್ ಅಬ್ಸಾರ್ಬರ್ ಕೆಳಗಿನ ಲಿಂಕೇಜ್ ಬೇರಿಂಗ್‌ಗಳಲ್ಲಿ ಕೈಗೆ ಗೊತ್ತಾಗುವಷ್ಟು ಸಡಿಲ ಇತ್ತು. ಈ ಗಾಡಿಗಳು ಹಳ್ಳದ ನೀರಿನಲ್ಲೇ ಓಡಾಡುತ್ತವೆ. ಗ್ರೀಸ್ ಹಾಕದಿದ್ದರೆ ಆ ಬೇರಿಂಗ್‌ಗಳು ಬೇಗ ತುಕ್ಕು ಹಿಡಿಯುತ್ತವೆ. ಅದು ರಿಪೇರಿ ಆಗದ ತೊಂದರೆಯೇನಲ್ಲ, ಆದರೆ ಬಿಸಿ ಇಂಜಿನ್, ಧೂಳು, ಈ ಟಕ್ ಮೂರೂ ಸೇರಿದಾಗ ಒಳಗೆ ಇನ್ನೇನಿದೆಯೋ ಅನ್ನಿಸಿತು. ವಂದನೆ ಹೇಳಿ ಹೊರಟೆವು. ಮಗಳು ದಾರಿಯಲ್ಲಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಎರಡನೆಯದು ಆ ದಿನ ನಾವು ನೋಡಿದ ಗಾಡಿಗಳಲ್ಲೇ ಅತ್ಯುತ್ತಮ. ಇದನ್ನು ಬಿಡಿಸಿ ಹೇಳಬೇಕು. 250 ಸಿಸಿ, ತೂಕ ಸುಮಾರು 70 ಕೆಜಿ. ಮಾಲೀಕರು ನನ್ನ ವಯಸ್ಸಿನವರು, ಎಲ್ಲದಕ್ಕೂ ಒಂದು ನೋಟ್‌ಬುಕ್ ಇಟ್ಟಿದ್ದರು. ಗೇರ್ ಆಯಿಲ್ ಯಾವಾಗ ಬದಲಿಸಿದ್ದು, ಪಿಸ್ಟನ್ ಯಾವಾಗ ಹಾಕಿಸಿದ್ದು, ಎಲ್ಲ ತಾರೀಖಿನ ಜೊತೆ. ಇಂಜಿನ್ ತಣ್ಣಗಿತ್ತು. ಎರಡನೇ ಕಿಕ್‌ಗೆ ಸ್ಟಾರ್ಟ್ ಆಯಿತು. ಮುಂದಿನ ಫೋರ್ಕ್‌ನಲ್ಲಿ ಒಂದು ಗೀರಿಲ್ಲ, ಸೀಲ್ ಸೋರಿಲ್ಲ. ಸ್ಪೋಕ್‌ಗಳನ್ನು ಸ್ಪ್ಯಾನರ್‌ನಿಂದ ಒಂದೊಂದಾಗಿ ತಟ್ಟಿದೆ, ಎಲ್ಲವೂ ಒಂದೇ ಸ್ವರದಲ್ಲಿ ನುಡಿದವು. ಸಡಿಲವಾದ ಸ್ಪೋಕ್ ಇದ್ದರೆ ಮಂಕಾದ ಸದ್ದು ಬಂದು ತಾನೇ ಗೊತ್ತಾಗುತ್ತದೆ. ಇಂಜಿನ್ ಕೆಳಗಿನ ಅಲ್ಯುಮಿನಿಯಂ ಗಾರ್ಡ್‌ನಲ್ಲಿ ಮಾತ್ರ ಬಂಡೆಯ ಪೆಟ್ಟುಗಳಿದ್ದವು. ಅದು ಇರಬೇಕಾದದ್ದೇ, ಅದರ ಕೆಲಸವೇ ಅದು.

ನನಗೆ ಆ ಗಾಡಿ ತುಂಬಾ ಇಷ್ಟವಾಯಿತು.

"ಮಕ್ಕಳು ಬೇಗ ಬೆಳೀತಾರೆ ಸರ್," ಅಂದರು ಅವರು. "ಚಿಕ್ಕದು ತಗೊಂಡ್ರೆ ಎರಡು ವರ್ಷಕ್ಕೆ ಮತ್ತೆ ಹುಡುಕಬೇಕು." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಲೆಕ್ಕವೂ ಸರಿಯಾಗಿಯೇ ಕಂಡಿತು. ಆಕ್ಸಿಲರೇಟರ್ ನಿಧಾನವಾಗಿ ತೆರೆಯುವ ಹಾಗೆ ಹ್ಯಾಂಡಲ್‌ಗೆ ಬೇರೆ ಟ್ಯೂಬ್ ಹಾಕಬಹುದು, ಇಂಜಿನ್ ಜೊತೆ ತಿರುಗುವ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲ್‌ಗೆ, ತೂಕ ಸೇರಿಸಿದರೆ ಪಿಕಪ್ ಮೃದುವಾಗುತ್ತದೆ, ಹೀಗೆಲ್ಲ ನನ್ನ ತಲೆ ಓಡತೊಡಗಿತು. ಅವಳು ಹುಲ್ಲಿನ ಮೇಲೆ ಒಂದು ಸುತ್ತು ಓಡಿಸಿ ನೋಡಲಿ ಅಂದೆ. ಮ್ಯಾಗ್ನೆಟ್ ಇರುವ ಕಿಲ್ ಸ್ವಿಚ್‌ನ ದಾರವನ್ನು ಅವಳ ಮಣಿಕಟ್ಟಿಗೆ ನಾನೇ ಹಾಕಿದೆ. ಗಾಡಿಯಿಂದ ಕೈ ಬಿಟ್ಟರೆ ಆ ಮ್ಯಾಗ್ನೆಟ್ ಕಿತ್ತು ಬಂದು ಇಂಜಿನ್ ಆಫ್ ಆಗುತ್ತದೆ. ಪಕ್ಕದಲ್ಲೇ ನಡೆಯುತ್ತಿದ್ದೆ.

ಒಂದನೇ ಗೇರ್. ಹತ್ತು ಹೆಜ್ಜೆ ಚೆನ್ನಾಗಿ ಹೋದಳು. ತಿರುವಿನಲ್ಲಿ ಕ್ಲಚ್ ಲಿವರ್‌ಗೆ ಬೆರಳು ಪೂರ್ತಿ ಸಿಗದೆ ಒಂದಿಷ್ಟು ಜಾರಿತು, ಅದೇ ಕ್ಷಣ ಬಲಗೈ ಸ್ವಲ್ಪ ರೇಸ್ ಕೊಟ್ಟುಬಿಟ್ಟಿತು, ಮುಂದಿನ ಚಕ್ರ ಎದ್ದು ಗಾಡಿ ಅವಳ ಎದೆಯ ಮಟ್ಟಕ್ಕೆ ನಿಂತಿತು, ಅವಳು ಹಿಂದಕ್ಕೆ ಹಾರಿ ಕಾಲ ಮೇಲೆ ಇಳಿದಳು, ದಾರ ಕಿತ್ತು ಬಂದು ಇಂಜಿನ್ ಆಫ್ ಆಯಿತು, ಗಾಡಿ ಪಕ್ಕಕ್ಕೆ ಬಿತ್ತು. ಎಲ್ಲ ಒಂದು ಉಸಿರಿನಲ್ಲಿ ಮುಗಿಯಿತು. ಯಾರಿಗೂ ಏನೂ ಆಗಲಿಲ್ಲ. ಗಾಡಿಗೂ ಆಗಲಿಲ್ಲ. ಆ ಪುಟ್ಟ ಮ್ಯಾಗ್ನೆಟ್ ಇಲ್ಲದ ಗಾಡಿಯ ಮೇಲೆ ಮಕ್ಕಳನ್ನು ಹತ್ತಿಸಲೇಬೇಡಿ, ದಯವಿಟ್ಟು.

ಅವಳು ಗಾಡಿ ಎತ್ತಲು ನೋಡಿದಳು. ಹ್ಯಾಂಡಲ್ ಹಿಡಿದು ಎರಡು ಸಲ ಎಳೆದಳು. ಮೂರನೇ ಸಲ ನಾನು ಕೈ ಹಾಕಿದೆ.

"ಹೇಗಿದೆ?" ಅಂತ ಕೇಳಿದೆ.

"ಚೆನ್ನಾಗಿದೆ ಅಪ್ಪಾ. ಇದೇ ತಗೊಳ್ಳೋಣ."

ಹೇಳುವಾಗ ಅವಳು ಗಾಡಿ ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದಳು. ನನಗೆ ಇಷ್ಟವಾಗಿದೆ ಅನ್ನೋದು ಅವಳಿಗೆ ತಿಳಿದುಹೋಗಿತ್ತು. ಬೆಳಗ್ಗೆಯಿಂದ ನಾನು ಬೇರಿಂಗ್, ಸ್ಪೋಕ್, ಸೀಲ್ ಎಲ್ಲ ಪರೀಕ್ಷೆ ಮಾಡಿದ್ದೆ. ಗಾಡಿ ಬಿದ್ದರೆ ಇವಳೊಬ್ಬಳೇ ಎತ್ತುತ್ತಾಳಾ, ಇವಳ ಕಾಲಿನಲ್ಲಿ ಕಿಕ್ ಆಗುತ್ತಾ, ಇವಳ ಬೆರಳಿಗೆ ಲಿವರ್ ಸಿಗುತ್ತಾ, ಈ ಮೂರನ್ನು ಮಾತ್ರ ನೋಡಿರಲಿಲ್ಲ. ನಾಳೆ ಬೆಳೆಯುವ ಹುಡುಗಿಗೆ ಗಾಡಿ ಹುಡುಕುತ್ತಿದ್ದೆ. ಇವತ್ತು ಓಡಿಸಬೇಕಾದವಳು ಎದುರಿಗೇ ನಿಂತಿದ್ದಳು. ಹೆದರುತ್ತಾ ಓಡಿಸುವ ಮಗು ಎರಡು ವರ್ಷದಲ್ಲಿ ಎತ್ತರ ಆಗಬಹುದು, ಆದರೆ ಅಷ್ಟರಲ್ಲಿ ಓಡಿಸುವ ಆಸೆಯೇ ಹೋಗಿರುತ್ತದೆ. ಆ ಮಾಲೀಕರಿಗೆ ನಿಜವನ್ನೇ ಹೇಳಿದೆ. ಅವರು ಬೇಸರಿಸಲಿಲ್ಲ.

ಮೂರನೆಯ ಕಡೆ ತಲುಪಿದಾಗ ಮಧ್ಯಾಹ್ನ ಕಳೆದಿತ್ತು. 80 ಸಿಸಿಯ ಮಕ್ಕಳ ಗಾಡಿ. ಈ 80ಗಳಲ್ಲಿ ಎರಡು ಅಳತೆ ಸಿಗುತ್ತವೆ. ಉದಾಹರಣೆಗೆ ಬೀಟಾ ಕಂಪನಿಯ ಇವೋ 80 ತಗೊಂಡರೆ ಜೂನಿಯರ್‌ಗೆ ಚಿಕ್ಕ ಚಕ್ರ, ಸೀನಿಯರ್‌ಗೆ ದೊಡ್ಡ ಚಕ್ರ. ನಾವು ನೋಡಿದ್ದು ಇಂಥದೇ ದೊಡ್ಡ ಚಕ್ರದ್ದು. ಪ್ಲಾಸ್ಟಿಕ್ ಎಲ್ಲ ಗೀಚಿಹೋಗಿತ್ತು, ಹಿಂದಿನ ಮಡ್‌ಗಾರ್ಡ್ ಒಡೆದು ಜಿಪ್ ಟೈ ಹಾಕಿ ಹೊಲಿದಿದ್ದರು. ಮನೆಯ ತಾಯಿ ಹೊರಗೆ ಬಂದು, "ಗಾಡಿ ವಿಷಯ ಎಲ್ಲಾ ಅವನೇ ಹೇಳ್ತಾನೆ," ಅಂತ ಮಗನನ್ನು ಕರೆದರು. ಹದಿನಾಲ್ಕರ ಹುಡುಗ, ಆಗಲೇ ನನ್ನ ಭುಜ ದಾಟಿದ್ದ.

ನಾನು ಮಾತು ಶುರು ಮಾಡುವ ಮೊದಲೇ ಅವನು ಮಗಳ ಕಡೆ ತಿರುಗಿದ. "ತಣ್ಣಗಿದ್ದಾಗ ಕ್ಲಚ್ ಹಿಡಿದ್ರೂ ಮುಂದಕ್ಕೆ ಎಳೆಯುತ್ತೆ, ಪ್ಲೇಟ್ ಅಂಟ್ಕೊಂಡಿರುತ್ತೆ. ಸ್ಟಾರ್ಟ್ ಮಾಡೋಕೆ ಮುಂಚೆ ಗೇರ್ ಹಾಕಿ, ಕ್ಲಚ್ ಹಿಡ್ಕೊಂಡು, ಹಿಂದೆ ಮುಂದೆ ತಳ್ಳು. ಬಿಟ್ಕೊಳ್ಳುತ್ತೆ." ಮಾಡಿ ತೋರಿಸಿದ. ನಂತರ ರೇಡಿಯೇಟರ್ ತೋರಿಸಿದ. "ನಾವು ನಿಧಾನಕ್ಕೆ ಓಡಿಸೋದಲ್ವಾ, ಗಾಳಿ ಬರಲ್ಲ. ಈ ಫ್ಯಾನೇ ಎಲ್ಲಾ. ಒಂದ್ಸಲ ಕಲ್ಲು ಸಿಕ್ಕಿ ನಿಂತುಹೋಗಿತ್ತು, ನಂಗೆ ಗೊತ್ತೇ ಆಗಿಲ್ಲ, ನೀರು ಕುದ್ದುಬಿಡ್ತು. ಬಿಸಿ ಆದ್ಮೇಲೆ ಫ್ಯಾನ್ ಶಬ್ದ ಬರದಿದ್ರೆ ನಿಲ್ಲಿಸಿಬಿಡು, ಸೆಕ್ಷನ್ ಮಧ್ಯದಲ್ಲಿದ್ರೂ ಸರಿ."

ಮಗಳು ಪ್ರಶ್ನೆ ಕೇಳತೊಡಗಿದಳು. ಯಾವ ಗೇರ್‌ನಲ್ಲಿ ದಿಮ್ಮಿ ಹತ್ತಿಸ್ತೀಯ, ಟೈರಿಗೆ ಎಷ್ಟು ಗಾಳಿ. ಮುಂದೆ 6 ಪಿಎಸ್‌ಐ, ಹಿಂದೆ 4 ಅಂದ ಅವನು. ಮಾಮೂಲಿ ಬೈಕ್ ಓಡಿಸುವವರಿಗೆ ಇದು ಪಂಕ್ಚರ್ ಆದ ಟೈರ್ ಅನ್ನಿಸುತ್ತದೆ, ಆದರೆ ಆ ಮೆತ್ತಗಿನ ಟೈರೇ ಬಂಡೆಯನ್ನು ತಬ್ಬಿ ಹಿಡಿಯುವುದು. ಅವರಿಬ್ಬರೂ ಮಾತಾಡುತ್ತಿರುವಾಗ ನಾನು ನನ್ನ ಕೆಲಸ ಮಾಡಿದೆ. ಫಿಲ್ಟರ್ ಚೊಕ್ಕವಾಗಿತ್ತು. ಫ್ರೇಮ್ ನಂಬರ್ ಕಾಗದಕ್ಕೆ ಹೊಂದಿತು. ಫ್ರೇಮ್‌ನಲ್ಲಿ, ಫುಟ್‌ರೆಸ್ಟ್ ಬೆಸುಗೆಯ ಹತ್ತಿರ ಟಾರ್ಚ್ ಹಾಕಿ ನೋಡಿದೆ, ಬಿರುಕಿಲ್ಲ. ಸ್ಪ್ರಾಕೆಟ್ ಹಲ್ಲು ಸವೆದು ಕೊಕ್ಕೆಯಾಗಿತ್ತು, ಚೈನ್ ಜೊತೆಗೆ ಬದಲಿಸಬೇಕು. ಹಿಂದಿನ ಟೈರಿನ ಮೇಲಿನ ರಬ್ಬರ್ ಉಬ್ಬುಗಳ ಒಂದು ಅಂಚು ದುಂಡಗಾಗಿತ್ತು, ತಿರುಗಿಸಿ ಹಾಕಿದರೆ ಇನ್ನೊಂದು ಅಂಚಿನಲ್ಲಿ ಇನ್ನೂ ಸ್ವಲ್ಪ ದಿನ ಓಡುತ್ತದೆ. ಗೇರ್ ಆಯಿಲ್ ಸ್ವಲ್ಪ ಇಳಿಸಿ ನೋಡಿದಾಗ ಮಾತ್ರ ಒಂದು ವಿಷಯ ಸಿಕ್ಕಿತು. ಎಣ್ಣೆ ತುಸು ಬೆಳ್ಳಗೆ, ಹಾಲು ಬೆರೆತ ಹಾಗೆ ಕಂಡಿತು. ವಾಟರ್ ಪಂಪ್ ಸೀಲ್ ಸೋತು, ರೇಡಿಯೇಟರ್ ನೀರು ಗೇರ್‌ಬಾಕ್ಸ್‌ಗೆ ಇಳಿಯುತ್ತಿತ್ತು. ಹುಡುಗನನ್ನು ಕೇಳಿದೆ.

"ಹೌದು ಅಂಕಲ್, ಎರಡು ವಾರದಿಂದ ನೀರು ಸ್ವಲ್ಪ ಕಮ್ಮಿ ಆಗ್ತಿದೆ. ಸೀಲ್ ತಂದಿಟ್ಟಿದೀನಿ, ಹಾಕಿಲ್ಲ," ಅಂತ ಒಳಗೆ ಹೋಗಿ ಒಂದು ಡಬ್ಬಿ ತಂದ. ಸೀಲ್, ಎರಡು ಲಿವರ್, ಸ್ಪಾರ್ಕ್ ಪ್ಲಗ್, ಒಂದು ಚೈನ್ ಲಾಕ್. ಆ ಡಬ್ಬಿ ನೋಡಿ ನನ್ನ ಮನಸ್ಸು ಹಗುರಾಯಿತು. ತೊಂದರೆ ಇಲ್ಲದ ಹಳೆ ಗಾಡಿ ಸಿಗುವುದು ಕಷ್ಟ. ತೊಂದರೆ ಎಲ್ಲಿದೆ ಅಂತ ಬಾಯಿಬಿಟ್ಟು ಹೇಳುವವರು ಸಿಕ್ಕಿದರೆ ಅದೇ ದೊಡ್ಡದು.

ಈ ಸಲ ಪರೀಕ್ಷೆ ಬೇರೆ ಥರ ಮಾಡಿದೆವು. ಗಾಡಿಯನ್ನು ನೆಲಕ್ಕೆ ಮಲಗಿಸಿ, "ಎತ್ತು" ಅಂದೆ. ಮೊಣಕಾಲು ಮಡಚಿ, ಸೊಂಟ ತಾಗಿಸಿ, ಒಂದೇ ಸಲಕ್ಕೆ ಎತ್ತಿದಳು. ಕಿಕ್ ಮೊದಲ ಸಲ ಅರ್ಧಕ್ಕೆ ನಿಂತಿತು. ಹುಡುಗ ಒಂದು ಕಲ್ಲು ತೋರಿಸಿ, ಎಡಗಾಲು ಅದರ ಮೇಲಿಡು ಅಂದ. ನಾಲ್ಕನೇ ಕಿಕ್‌ಗೆ ಇಂಜಿನ್ ಎದ್ದಿತು. ಲಿವರ್‌ನ ತಿರುಪನ್ನು ಒಳಕ್ಕೆ ಹೊಂದಿಸಿದೆ, ಬೆರಳು ಪೂರ್ತಿ ಸಿಕ್ಕಿತು. ಆಮೇಲೆ ಅವಳು ಅಂಗಳದಲ್ಲಿ ಎಂಟರ ಆಕಾರದಲ್ಲಿ ಸುತ್ತಿದಳು, ನಡೆಯುವ ವೇಗಕ್ಕಿಂತ ನಿಧಾನವಾಗಿ, ಕ್ಲಚ್ ಒಂದಿಷ್ಟು ಹಿಡಿದು ಒಂದಿಷ್ಟು ಬಿಟ್ಟು. ಎರಡು ಸಲ ಇಂಜಿನ್ ಆಫ್ ಆಯಿತು. ಎರಡು ಸಲವೂ ತಾನೇ ಕಿಕ್ ಹೊಡೆದಳು. ಅಷ್ಟು ಹೊತ್ತೂ ನನ್ನ ಮುಖ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಫ್ಯಾನ್ ಗುಂಯ್ ಅಂತ ಶುರುವಾಯಿತು. ಹುಡುಗ ಅಲ್ಲಿಂದಲೇ ಹೆಬ್ಬೆರಳು ಎತ್ತಿದ.

ಹೊರಡುವ ಮುಂಚೆ ಅವನು, "ಅಂಕಲ್, ಒಂದು ಸುತ್ತು ಓಡಿಸ್ಲಾ?" ಅಂತ ಕೇಳಿದ. ಓಡಿಸಪ್ಪಾ, ಅದಕ್ಕೆ ನನ್ನ ಕೇಳಬೇಕಾ ಅಂದೆ. ಆ ಗಾಡಿಯ ಮೇಲೆ ಅವನು ತುಂಬಾ ದೊಡ್ಡವನಾಗಿ ಕಾಣುತ್ತಿದ್ದ, ಬೆನ್ನು ಬಾಗಿತ್ತು. ಬೇಲಿಯವರೆಗೆ ಹೋಗಿ, ಮುಂದಿನ ಚಕ್ರ ಎತ್ತಿ ಅಲ್ಲೇ ತಿರುಗಿ ಬಂದ. ಇಳಿದು, ಕಿಲ್ ಸ್ವಿಚ್‌ನ ದಾರ ತನ್ನ ಕೈಯಿಂದ ಬಿಚ್ಚಿ ಅವಳ ಮಣಿಕಟ್ಟಿಗೆ ಹಾಕಿದ. ಅವನ ತಾಯಿ ಒಳಗೆ ಹೋದರು.

ಆ ವಾರ ಸೀಲ್ ಹಾಕಿ, ಗೇರ್ ಆಯಿಲ್ ಎರಡು ಸಲ ಬದಲಿಸಿದೆವು. ಮೊದಲ ಸಲ ಹಾಕಿದ್ದು ಸುಮ್ನೆ ಒಳಗಿನ ನೀರೆಲ್ಲ ತೊಳೆದು ಬರಲಿ ಅಂತ. ಚೈನ್, ಸ್ಪ್ರಾಕೆಟ್ ಹೊಸದು ಬಂತು. ಟೈರ್ ತಿರುಗಿಸಿದ್ದು ಮಾತ್ರ ದೊಡ್ಡ ಕೆಲಸವಾಯಿತು, ಟ್ಯೂಬ್ ಇಲ್ಲದ ಆ ಟೈರನ್ನು ರಿಮ್‌ಗೆ ಕೂರಿಸಲು ಇಬ್ಬರಿಗೂ ಅರ್ಧ ದಿನ ಹಿಡಿಯಿತು. ಒಡೆದ ಮಡ್‌ಗಾರ್ಡ್ ಬದಲಿಸೋಣ ಅಂದರೆ ಅವಳು ಬೇಡ ಅಂದಳು.

ಮೂರು ತಿಂಗಳಾದ ಮೇಲೆ, ಎರಡು ದಿಮ್ಮಿ ಒಂದು ಹಳ್ಳ ಇರುವ ಸೆಕ್ಷನ್ ಒಂದನ್ನು ಮೊದಲ ಸಲ ಕಾಲು ಊರದೆ ದಾಟಿದಳು. ಸೊನ್ನೆ ಅಂಕ. ನಾನು ತೆಗೆದ ವಿಡಿಯೋವನ್ನು ಆ ಹುಡುಗನಿಗೆ ಕಳಿಸು ಅಂತ ಹಟ ಹಿಡಿದಳು, ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು.

"ಸೂಪರ್. ಫ್ಯಾನ್ ಶಬ್ದ ಕೇಳಿಸ್ತಿದೆ, ಚೆನ್ನಾಗಿದೆ."