ಬೆನ್ನುಮೂಳೆಯ ಮುಂದಿನ ಬಿಳಿ ಗೆರೆ

ಕಳೆದ ಆಷಾಢದಲ್ಲಿ ತೀರ್ಥಹಳ್ಳಿಯ ನಮ್ಮ ಮನೆಯಂಗಳದ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದ ಅಮ್ಮನ ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ತೆಗೆಸಿದ ಎಕ್ಸ್‌ರೇಗಳಲ್ಲಿ, ಬೆನ್ನುಮೂಳೆಯ ಮುಂದೆ ಹಾದುಹೋಗುವ ಮಹಾಪಧಮನಿಯ ಗೋಡೆಯುದ್ದಕ್ಕೂ ಸುಣ್ಣ ಬಳಿದಂತಿದ್ದ ಬಿಳಿ ಗೆರೆಯನ್ನು ವೈದ್ಯರು ತೋರಿಸಿದಾಗ, ಮೂಳೆಯಲ್ಲಿರಬೇಕಾದ ಕ್ಯಾಲ್ಸಿಯಂ ರಕ್ತನಾಳದಲ್ಲೇಕೆ ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡಿತು.

ಎಲೆಯಡಿಕೆಯ ಸುಣ್ಣವೇ ಅಲ್ಲಿ ಹೋಗಿ ಕೂತಿದೆ ಎಂದರು ನೆರೆಯವರು. ಅದು ಹಾಗಲ್ಲ. ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿದ್ದು, ಉಳಿದ ಅಲ್ಪಭಾಗದ ಪ್ರಮಾಣವನ್ನು ದೇಹ ಬಿಗಿಯಾಗಿ ಕಾಯುತ್ತದೆ. ಆದರೆ ಉರಿಯೂತ, ಮಧುಮೇಹ, ಮೂತ್ರಪಿಂಡದ ಕಾಯಿಲೆಯಿಂದ ಏರಿದ ರಂಜಕ ಮೊದಲಾದವುಗಳ ಒತ್ತಡಕ್ಕೆ ಸಿಕ್ಕಿದ ನಾಳದ ಗೋಡೆಯ ಸ್ನಾಯುಕೋಶಗಳು ತಮ್ಮ ಸ್ವಭಾವವನ್ನೇ ಬದಲಿಸಿಕೊಂಡು, ಮೂಳೆ ಕಟ್ಟುವ ಕೋಶಗಳಂತೆ ವರ್ತಿಸತೊಡಗುತ್ತವೆ. ಇದನ್ನು ತಡೆಯುವ ಪ್ರೋಟೀನೊಂದು ಕೆಲಸ ಮಾಡಲು ವಿಟಮಿನ್ ಕೆ ಬೇಕು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಕುಗ್ಗುವುದರಿಂದ ಮೂಳೆಯ ಸವೆತವೂ ವೇಗ ಪಡೆಯುತ್ತದೆ.

ಹೊಟ್ಟೆಯ ಭಾಗದ ಮಹಾಪಧಮನಿಯಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿ ಜಮೆಯಾದವರಲ್ಲಿ ಮೂಳೆಮುರಿತವೂ ಹೆಚ್ಚು ಎಂಬ ನಂಟು, ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹಲವು ಅಧ್ಯಯನಗಳಲ್ಲಿ ಉಳಿದಿದೆ. ಒಂದು ಮತ್ತೊಂದಕ್ಕೆ ನೇರ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ. ಹಾಗಿದ್ದರೂ, ಬೆನ್ನಿನ ಪಕ್ಕನೋಟದ ಎಕ್ಸ್‌ರೇಯಲ್ಲಿ ಆ ಗೆರೆ ಕಂಡವರಿಗೆ ಹೃದಯದ ತಪಾಸಣೆಯ ಜೊತೆಗೆ ಮೂಳೆಯ ಸಾಂದ್ರತೆಯ ಪರೀಕ್ಷೆಯನ್ನೂ ಸೂಚಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹೆದರಿ ಕ್ಯಾಲ್ಸಿಯಂ ಮಾತ್ರೆಯನ್ನು ತಾವಾಗಿಯೇ ಬಿಡುವುದು ಸರಿಯಲ್ಲ. ಅಮ್ಮನ ಮಾತ್ರೆಯ ಪ್ರಮಾಣವನ್ನು ನಾವು ವೈದ್ಯರನ್ನು ಕೇಳಿಯೇ ನಿರ್ಧರಿಸಿದೆವು.