ಬಸ್ಸಿನಲ್ಲಿ ಬಂದ 26 ಮಂದಿ

ಸಿನಿಮಾ ಮುಗಿಯಿತು. ಲೈಟ್ ಹಾಕಿದರು. ಯಾರೂ ಏಳಲಿಲ್ಲ. ನಾನೊಬ್ಬ ಎದ್ದು ನಿಂತಿದ್ದೆ. ಪಕ್ಕದಲ್ಲಿದ್ದ ಭಟ್ಟರು ಕೈ ಹಿಡಿದು, "ಕೂತ್ಕೊಳ್ಳಿ ಮಾರಾಯ್ರೆ, ಇನ್ನು ಶುರು ಆಗುದು" ಅಂದರು.

ನಾನು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದವನು. ಬ್ಯಾಂಕ್ ಕೆಲಸ. ವರ್ಗವಾಗಿ ಕಾಸರಗೋಡಿಗೆ ಬಂದು ಐದು ವರ್ಷ ಆಯ್ತು. ಇಲ್ಲೂ ಒಂದು ಹೊಸದುರ್ಗ ಇದೆ. ಕಾಞಂಗಾಡ್ ಇರುವ ತಾಲೂಕಿಗೆ ಅದೇ ಹೆಸರು. ನಾನಿರುವುದು ಅಲ್ಲಲ್ಲ, ಬದಿಯಡ್ಕದ ಕಡೆ, ಅಡಿಕೆ ತೋಟಗಳ ನಡುವೆ. ಮನೆ ಮಾಲೀಕರು ಭಟ್ಟರು. ಎದುರಿಗೆ ಚಹಾ ಹೋಟೆಲಿನ ಇಚ್ಚ. ಇಲ್ಲಿ ಮುಸ್ಲಿಂ ಅಣ್ಣಂದಿರನ್ನು ಎಲ್ಲರೂ ಇಚ್ಚ ಅಂತಲೇ ಕರೆಯುವುದು. ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಕನ್ನಡ, ತುಳು, ಮಲಯಾಳಂ, ಬ್ಯಾರಿ ನಾಲ್ಕೂ ಕಿವಿಗೆ ಬೀಳುತ್ತವೆ. ಸಪ್ತಭಾಷೆಗಳ ನಾಡು ಅಂತ ಸುಮ್ನೆ ಹೇಳುವುದಿಲ್ಲ.

ಊರಿನವರು ಫೋನ್ ಮಾಡಿದಾಗ ಕೇಳುತ್ತಾರೆ, ಅಲ್ಲಿ ಏನು ವಿಶೇಷ ಅಂತ. ಈ ಸಲ ಹೇಳಲೇಬೇಕಾದ ವಿಶೇಷ ಅಂದರೆ ಇಲ್ಲಿನ ಹಳ್ಳಿ ಗ್ರಂಥಾಲಯ. ಜೂನ್ 19 ಕೇರಳದಲ್ಲಿ ಓದಿನ ದಿನ. ಊರೂರಿಗೆ ಗ್ರಂಥಾಲಯ ಆಗಲಿ ಅಂತ ದುಡಿದ ಪಿ. ಎನ್. ಪಣಿಕ್ಕರ್ ತೀರಿಕೊಂಡ ದಿನ ಅದು. ಆ ವಾರ ಗ್ರಂಥಾಲಯಗಳಲ್ಲಿ ಒಂದಲ್ಲ ಒಂದು ಕಾರ್ಯಕ್ರಮ ಇರುತ್ತದೆ. ನಮ್ಮಲ್ಲಿ ಒಂದು ಸಂಜೆ ಸಿನಿಮಾ. ಶಾಲೆಯಿಂದ ಪ್ರೊಜೆಕ್ಟರ್ ತಂದಿದ್ದರು. ಎರಡು ಬಿಳಿ ಮುಂಡು, ಅಂದರೆ ಪಂಚೆ, ಸೇರಿಸಿ ಹೊಲಿದು ಗೋಡೆಗೆ ಕಟ್ಟಿದ್ದರು. ಹೊರಗೆ ಜೋರು ಮಳೆ. ಬಾಗಿಲ ಹತ್ತಿರ ಒದ್ದೆ ಕೊಡೆಗಳ ರಾಶಿ.

ಸಿನಿಮಾ ನೋಡಿ ಎದ್ದು ಹೋಗುವುದು ಇಲ್ಲಿಯ ಪದ್ಧತಿಯಲ್ಲ. ನೋಡಿದ ಮೇಲೆ ಚರ್ಚೆ ಆಗಬೇಕು. 1965ರಲ್ಲಿ ತಿರುವನಂತಪುರದಲ್ಲಿ, ಮುಂದೆ ದೊಡ್ಡ ಸಿನಿಮಾ ನಿರ್ದೇಶಕರಾದ ಅಡೂರ್ ಗೋಪಾಲಕೃಷ್ಣನ್ ಮತ್ತು ಗೆಳೆಯರು ಚಿತ್ರಲೇಖ ಫಿಲ್ಮ್ ಸೊಸೈಟಿ ಕಟ್ಟಿದ್ದರು. ಆ ಗಾಳಿ ಹಳ್ಳಿ ಹಳ್ಳಿಗೂ ಬೀಸಿದೆ. ಅಡಿಕೆ ಸುಲಿಯುವ ಅಕ್ಕನೂ ಎದ್ದು ನಿಂತು ಅಭಿಪ್ರಾಯ ಹೇಳುತ್ತಾಳೆ, ಎಲ್ಲರೂ ಕೇಳುತ್ತಾರೆ. ಇದು ನನಗೆ ತುಂಬಾ ಇಷ್ಟವಾದ ಸಂಗತಿ.

ಆವತ್ತು ಹಾಕಿದ್ದು 'ಸ್ಪೆಷಲ್ 26'. ನೀರಜ್ ಪಾಂಡೆ ನಿರ್ದೇಶನದ ಹಿಂದಿ ಸಿನಿಮಾ, 2013ರದು. ಇನ್ನೂ ನೋಡದವರು ಮೊದಲು ನೋಡಿ ಬನ್ನಿ, ಯಾಕಂದ್ರೆ ಕೊನೆಯನ್ನು ಹೇಳದೆ ಈ ಬರಹ ಮುಂದೆ ಹೋಗುವುದಿಲ್ಲ.

ನಾಲ್ಕೈದು ಜನರ ಗುಂಪು. ಸಿ.ಬಿ.ಐ. ಅಧಿಕಾರಿಗಳ ವೇಷ ಹಾಕಿ ಕಪ್ಪು ಹಣ ಇಟ್ಟವರ ಮನೆಗೆ ನುಗ್ಗಿ ದೋಚುತ್ತಾರೆ. ಕಳಕೊಂಡವನು ದೂರು ಕೊಡುವುದಿಲ್ಲ. ಕೊಟ್ಟರೆ ಅಷ್ಟು ದುಡ್ಡು ಎಲ್ಲಿಂದ ಬಂತು ಅಂತ ಅವನೇ ಹೇಳಬೇಕಲ್ಲ. ಇವರ ಬೆನ್ನು ಹತ್ತುವವನು ನಿಜವಾದ ಸಿ.ಬಿ.ಐ. ಅಧಿಕಾರಿ. ಅವನಿಗೆ ಸಹಾಯ ಮಾಡುವವನು ಮೋಸಹೋಗಿ ಅವಮಾನಗೊಂಡ ಒಬ್ಬ ಪೊಲೀಸ್. ಕೊನೆಯಲ್ಲಿ ಮುಂಬೈನ ಒಡವೆ ಅಂಗಡಿ. ನಿಜವಾದವರು ಅಂಗಡಿಯಲ್ಲಿ ಬಲೆ ಬೀಸಿ ಕೂತಿರುತ್ತಾರೆ, ಕಳ್ಳರು ನಿಜವಾದ ಒಡವೆ ಇದ್ದ ಜಾಗಕ್ಕೇ ಹೋಗಿ ತೆಗೆದುಕೊಂಡು ಹೋಗಿರುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಆ ಪೊಲೀಸನೂ ಮೊದಲಿನಿಂದ ಅವರ ಕಡೆಯವನೇ.

2013ರಲ್ಲಿ ಬೆಂಗಳೂರಿನ ಥಿಯೇಟರಿನಲ್ಲಿ ಇದನ್ನು ನೋಡಿ ಶಿಳ್ಳೆ ಹೊಡೆದವನು ನಾನು. ಈ ಸಲ ಕೈ ಮೇಲೇಳಲಿಲ್ಲ. ಕಾರಣ ಮುಂದಿನ ಸಾಲಿನಲ್ಲಿ ಕೂತಿದ್ದ ಟೀಚರ್.

ಅವರ ವಿಷಯವನ್ನು ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅವರು ನಮ್ಮ ಶಾಖೆಗೆ ಬಂದರು. ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಯಾವಾಗ ಬಂದರೂ "ಊಟ ಆಯ್ತಾ ಸಾರ್" ಅಂತ ಕೇಳುವವರು ಆವತ್ತು ಏನೂ ಕೇಳಲಿಲ್ಲ. ಎಫ್.ಡಿ. ಪೂರ್ತಿ ತೆಗೆಯಬೇಕು ಅಂದರು. ಯಾಕೆ ಟೀಚರ್ ಅಂದೆ. "ಮಗಳಿಗೆ" ಅಂದರು. ಅವರಿಗೆ ಇರುವವನು ಒಬ್ಬ ಮಗ. ಕೈಚೀಲದ ಬಾಯಿ ತೆರೆದಿತ್ತು. ಒಳಗೆ ಫೋನ್ ಬೆಳಗುತ್ತಿತ್ತು. ಕಾಲ್ ನಡೆಯುತ್ತಲೇ ಇತ್ತು.

ನಾನು ಬಾಯಿ ಬಿಡಲಿಲ್ಲ. ಒಂದು ಸ್ಲಿಪ್ ತಿರುಗಿಸಿ ಹಿಂದೆ ಕನ್ನಡದಲ್ಲಿ ಬರೆದೆ: "ಫೋನಿನಲ್ಲಿ ಯಾರು?" ಅವರ ಕಡೆ ಸರಿಸಿದೆ. ಓದಿದರು. ಪೆನ್ನು ತೆಗೆದುಕೊಂಡು ಕೆಳಗೆ ಬರೆದರು: "ಸಿ.ಬಿ.ಐ." ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಕೈ. ಅಕ್ಷರ ಸೊಟ್ಟಗಾಗಿತ್ತು, ಆದರೆ ಚುಕ್ಕಿ ಒಂದೂ ಬಿಟ್ಟಿರಲಿಲ್ಲ.

ಎರಡು ದಿನದಿಂದ ಅವರನ್ನು ಮನೆಯಲ್ಲೇ ಫೋನಿನ ಮುಂದೆ ಕೂರಿಸಿದ್ದರು. ವಿಡಿಯೋದಲ್ಲಿ ಯೂನಿಫಾರ್ಮ್, ಹಿಂದೆ ಬಾವುಟ, ವಾಟ್ಸಾಪಿನಲ್ಲಿ ಸೀಲು ಹಾಕಿದ ಆರ್ಡರ್. ಮಗನಿಗೂ ಹೇಳಕೂಡದು ಅಂತ ಕಟ್ಟಪ್ಪಣೆ. ಇದನ್ನೇ ಡಿಜಿಟಲ್ ಅರೆಸ್ಟ್ ಅನ್ನುವುದು. ನಮ್ಮ ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ಮನ್ ಕಿ ಬಾತ್‌ನಲ್ಲಿ ಈ ಮಾತು ಹೇಳಿದ್ದರು. ಆದರೂ ಹೆದರಿದವರಿಗೆ ಆ ಹೊತ್ತಿಗೆ ಅದು ನೆನಪಾಗುವುದಿಲ್ಲ. ಟೀಚರ ದುಡ್ಡು ಉಳಿಯಿತು. ಫೋನ್ ಕಟ್ ಮಾಡಿಸಿ, ಅಲ್ಲೇ ಕೂತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ಆದರೆ ಅದಾದ ಮೇಲೆ ತುಂಬಾ ದಿನ ಟೀಚರ್ ಗ್ರಂಥಾಲಯದ ಕಡೆ ಬರಲಿಲ್ಲ.

ಹೆಸರು ಹೇಳದೆ ಈ ಕತೆಯನ್ನು ಗ್ರಂಥಾಲಯದ ಕಾರ್ಯದರ್ಶಿಗೆ ಹೇಳಿದ್ದೆ. ಅವನು ಇಪ್ಪತ್ತೈದರ ಹುಡುಗ. "ಹಾಗಾದ್ರೆ ಕಳ್ಳ ಸಿ.ಬಿ.ಐ. ಸಿನಿಮಾನೇ ಹಾಕುವ ಸಾರ್, ಜನಕ್ಕೆ ಗೊತ್ತಾಗ್ಲಿ" ಅಂದ. ಒಳ್ಳೆ ಯೋಚನೆ ಅಂತ ನಾನೂ ಹೂಂ ಅಂದೆ. ಕೊನೆಯಲ್ಲಿ ಕಳ್ಳರಿಗೇ ಚಪ್ಪಾಳೆ ಬೀಳುತ್ತದೆ ಅನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ.

ಚಪ್ಪಾಳೆ ಬಿತ್ತು. ಕಾಲೇಜು ಹುಡುಗರು "ಅಡಿಪೊಳಿ" ಅಂತ ಕೂಗಿದರು, ಮಲಯಾಳಂನಲ್ಲಿ ಸೂಪರ್ ಅಂತ ಅರ್ಥ. ಒಬ್ಬ ಎದ್ದು, ಇಂಟರ್ವಲ್ ಹೊತ್ತಿಗೇ ಆ ಪೊಲೀಸಿನ ಮೇಲೆ ಡೌಟ್ ಬಂದಿತ್ತು ಅಂದ. ಇನ್ನೊಬ್ಬ ಒಪ್ಪಲಿಲ್ಲ. ಡೈರೆಕ್ಟರ್ ನಮ್ಮಿಂದ ಮುಚ್ಚಿಟ್ಟು ಕೊನೆಗೆ ಟ್ವಿಸ್ಟ್ ಕೊಟ್ಟರೆ ಅದು ಜಾಣತನ ಹೇಗಾಗ್ತದೆ, ಸುಳಿವು ಕೊಡಬೇಕಲ್ವಾ ಅಂತ ಅವನ ವಾದ. ತಮಿಳು ರೀಮೇಕ್ ನೋಡಿದ್ದ ಮತ್ತೊಬ್ಬ, 2018ರ ಸೂರ್ಯ ಸಿನಿಮಾದಲ್ಲಿ ಲಂಚ, ನಿರುದ್ಯೋಗ ಅಂತ ನಾಯಕನ ಸಿಟ್ಟಿಗೆ ಒಂದು ಕಾರಣ ಇತ್ತು, ಹಿಂದಿಯಲ್ಲಿ ಅದು ಕಮ್ಮಿ ಅಂದ. ಮಾತು ಮೂರು ಭಾಷೆಯಲ್ಲಿ ಓಡುತ್ತಿತ್ತು. ಗಲ್ಫಿನಲ್ಲಿದ್ದು ಹಿಂದಿ ಕಲಿತ ಇಚ್ಚ ಹಿಂದೆ ಕೂತ ಅಜ್ಜಿಯರಿಗೆ ಸಿನಿಮಾ ಉದ್ದಕ್ಕೂ ಅರ್ಥ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದರು.

ಆಮೇಲೆ ಭಟ್ಟರು ಎದ್ದರು. ಅವರು ಯಕ್ಷಗಾನದ ಹುಚ್ಚಿನವರು. ಯಕ್ಷಗಾನದ ಹಳೆಯ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ ಇದೇನೂ ಆಶ್ಚರ್ಯವಲ್ಲ.

"ಭಸ್ಮಾಸುರ ಮೋಹಿನಿ ಆಟ ನೋಡುವಾಗ ಮೋಹಿನಿ ಯಾರು ಅಂತ ನಮಗೆ ಗೊತ್ತುಂಟು. ಗೊತ್ತಿಲ್ಲದ್ದು ಭಸ್ಮಾಸುರನಿಗೆ ಮಾತ್ರ. ಅವ ತಲೆ ಮೇಲೆ ಕೈ ಇಡ್ಲಿಕ್ಕೆ ಹೋಗುವಾಗ ನಾವು ಉಸಿರು ಹಿಡಿದು ಕೂರುದು ಅದಕ್ಕೇ. ಇಲ್ಲಿ ನಮ್ಮನ್ನೇ ಭಸ್ಮಾಸುರ ಮಾಡಿ ಕೂರಿಸಿದ್ದಾರೆ. ನಮ್ಮ ತಲೆ ಮೇಲೆ ನಾವೇ ಕೈ ಇಟ್ಟು ಚಪ್ಪಾಳೆಯನ್ನೂ ಹೊಡೆದೆವು."

ಎರಡು ದಿನ ಈ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಎಷ್ಟು ಸರಿಯಾಗಿ ಹೇಳಿದರು! ನಾವು ಬೆಳೆದ ಕತೆಗಳಲ್ಲಿ ಕಪಟ ಯಾವಾಗಲೂ ನಮ್ಮ ಕಣ್ಣೆದುರೇ ನಡೆಯುತ್ತದೆ. ರಾವಣ ಸನ್ಯಾಸಿ ವೇಷದಲ್ಲಿ ಬಂದದ್ದು ಸೀತೆಗೆ ಗೊತ್ತಿಲ್ಲ, ನಮಗೆ ಗೊತ್ತು. ಈ ಸಿನಿಮಾ ಆ ಗುಟ್ಟನ್ನು ನಮಗೂ ಬಿಟ್ಟುಕೊಡದೆ, ಕೊನೆಗೆ ಒಮ್ಮೆಲೇ ತೋರಿಸಿ ಖುಷಿ ಕೊಡುತ್ತದೆ. ಆ ಖುಷಿಯಲ್ಲಿ ನಮಗೆ ಮೋಸವಾಯಿತು ಅಂತ ಅನ್ನಿಸುವುದೇ ಇಲ್ಲ.

ಅಡಿಕೆ ಸುಲಿಯುವ ಅಕ್ಕ ಕೂತಲ್ಲಿಂದಲೇ ಕೇಳಿದಳು: "ಡ್ರೆಸ್ ಹಾಕಿ ಬಂದವರ ಹತ್ರ ಕಾರ್ಡ್ ತೋರಿಸಿ ಅಂತ ಕೇಳ್ಲಿಕ್ಕೆ ನಮಗೆ ಯಾರು ಕಲಿಸಿದ್ದಾರೆ?" ಯಾರೂ ಉತ್ತರ ಕೊಡಲಿಲ್ಲ.

ಆಗ ಟೀಚರ್ ಎದ್ದರು. ಅವರು ಬಂದದ್ದೇ ದೊಡ್ಡದು, ಮಾತಾಡುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಪರದೆಯ ಮೇಲೆ ಕಳ್ಳ ಅಧಿಕಾರಿಗಳು ಮನೆಯೊಳಗೆ ನುಗ್ಗಿದಾಗ ಅವರು ಸೆರಗನ್ನು ಎರಡೂ ಭುಜಕ್ಕೆ ಹೊದ್ದುಕೊಂಡಿದ್ದರು. ನಿಂತದ್ದೂ ಹಾಗೆಯೇ.

"ಕಳ್ಳರ ವಿಷಯ ಬಿಡಿ. ಆ 26 ಮಕ್ಕಳು ಮನೆಗೆ ಹೋಗಿ ಎಂತ ಹೇಳಿರಬಹುದು?"

ಸಿನಿಮಾದ ಹೆಸರಿನಲ್ಲೇ ಆ 26 ಇದೆ. ಕೊನೆಯ ದಾಳಿಗೆ ಅಂತ ಪೇಪರಿನಲ್ಲಿ ಜಾಹೀರಾತು ಕೊಟ್ಟು, ಇಂಟರ್ವ್ಯೂ ಮಾಡಿ ಆರಿಸಿದ ಹುಡುಗ ಹುಡುಗಿಯರು ಅವರು. ಸರ್ಕಾರಿ ಕೆಲಸ ಸಿಕ್ಕಿತು ಅಂತ ನಂಬಿ ಬಂದವರು. ಕತೆ ತಿರುವು ತೆಗೆದುಕೊಂಡ ಕೂಡಲೇ ನಾವು ಅವರನ್ನು ಮರೆತೇಬಿಟ್ಟೆವು. ಹಾಲಿನಲ್ಲಿ ಮಳೆ ಸದ್ದು ಒಂದೇ.

ಉತ್ತರ ಕೊಟ್ಟವರು ಇಚ್ಚ. "ಹೇಳುದಿಲ್ಲ ಟೀಚರೇ. ಎಂತದೂ ಹೇಳುದಿಲ್ಲ."

ಇಪ್ಪತ್ತೆರಡರ ವಯಸ್ಸಿನಲ್ಲಿ ಅವರು ದುಬೈ ವೀಸಾಕ್ಕೆ ಅಂತ ಒಬ್ಬ ಏಜೆಂಟಿನ ಕೈಗೆ ದುಡ್ಡು ಕೊಟ್ಟಿದ್ದರಂತೆ. ಉಮ್ಮನ, ಅಂದರೆ ತಾಯಿಯ, ಬಳೆ ಮಾರಿದ ದುಡ್ಡು. ಏಜೆಂಟ್ ಹದಿನಾಲ್ಕು ಹುಡುಗರನ್ನು ಮುಂಬೈನ ಲಾಡ್ಜಿನಲ್ಲಿ ನಲವತ್ತು ದಿನ ಇಟ್ಟ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬರುವಷ್ಟರಲ್ಲಿ ಎಲ್ಲರಿಗೂ ಬಿರಿಯಾನಿ ಕಳಿಸುತ್ತಿದ್ದ. "ಅಂಥ ಒಳ್ಳೆ ಮನುಷ್ಯ ಇಲ್ಲ ಅಂತ ನಾವು ದುವಾ ಮಾಡ್ತಿದ್ದೆವು" ಅಂದರು ಇಚ್ಚ. ಆರನೆಯ ಶುಕ್ರವಾರ ಬಿರಿಯಾನಿ ಬರಲಿಲ್ಲ. ಬಾಡಿಗೆ ಕೇಳಲು ಲಾಡ್ಜಿನವನು ಬಂದ.

ಆಗ ಕೊಂಕಣ ರೈಲು ಇರಲಿಲ್ಲ. ವಾಚು ಮಾರಿ ಬಸ್ಸಿನಲ್ಲಿ ಮಂಗಳೂರಿಗೆ ಬಂದರು. ಮಂಗಳೂರಿನಿಂದ ಮನೆಗೆ ಎರಡು ಗಂಟೆ ದಾರಿ. ಎಂಟು ತಿಂಗಳು ಆ ದಾರಿ ಹಿಡಿಯಲಿಲ್ಲ. ಹೋಟೆಲಿನಲ್ಲಿ ಪಾತ್ರೆ ತೊಳೆದರು. ಮುಂಬೈಯಲ್ಲೇ ಇದ್ದೇನೆ, ವೀಸಾ ತಡ ಆಗ್ತಾ ಉಂಟು ಅಂತ ಮನೆಗೆ ಕಾಗದ ಬರೆದು, ಮುಂಬೈಗೆ ಹೋಗುವವರ ಕೈಯಲ್ಲಿ ಕೊಟ್ಟು ಅಲ್ಲಿಂದ ಪೋಸ್ಟ್ ಮಾಡಿಸುತ್ತಿದ್ದರು.

"ಅವ ನಮ್ಮ ದುಡ್ಡು ತಗೊಂಡು ಹೋದ ಟೀಚರೇ. ಸುಳ್ಳು ಹೇಳುವ ಕೆಲಸ ನಮಗೆ ಬಿಟ್ಟು ಹೋದ."

ಟೀಚರ್ ಅವರನ್ನೇ ನೋಡುತ್ತಿದ್ದರು. ಮಗಳಿಗೆ ಅಂತ ಆವತ್ತು ನನ್ನ ಕೌಂಟರಿನಲ್ಲಿ ಹೇಳಿದ್ದು ನನಗೆ ನೆನಪಾಯಿತು. ಆಮೇಲೆ ಅವರು ಎಲ್ಲರೆದುರು, "ನನಗೂ ಮಾರ್ಚಿನಲ್ಲಿ ಹೀಗೇ ಆಯಿತು" ಅಂದರು. ಒಂದೊಂದಾಗಿ ಹೇಳಿದರು. ಎರಡು ದಿನ ಸ್ನಾನಕ್ಕೂ ಫೋನ್ ಹಿಡಿದುಕೊಂಡೇ ಹೋಗಬೇಕಿತ್ತು ಅನ್ನುವುದನ್ನು ನಾನು ಕೇಳಿದ್ದು ಅಲ್ಲೇ ಮೊದಲು. ಶಿಳ್ಳೆ ಹೊಡೆದಿದ್ದ ಹುಡುಗನೊಬ್ಬ ಅವರದೇ ಶಿಷ್ಯ. ಎದ್ದು ಹೋಗಿ ಅವರಿಗೆ ನೀರು ತಂದುಕೊಟ್ಟ.

ಈ ಕತೆಯ ಹಿಂದೆ ನಿಜವಾದ ಘಟನೆ ಇದೆ ಅಂತ ನಾನು ಹೇಳಿದೆ. 1987ರ ಮಾರ್ಚ್ 19. ಮೋನ್ ಸಿಂಗ್ ಅನ್ನುವ ಹೆಸರು ಇಟ್ಟುಕೊಂಡ ಒಬ್ಬ ಪೇಪರಿನಲ್ಲಿ ಜಾಹೀರಾತು ಕೊಟ್ಟು, ಮುಂಬೈನ ತಾಜ್ ಹೋಟೆಲಿನಲ್ಲಿ ಇಂಟರ್ವ್ಯೂ ಮಾಡಿ, 26 ಜನರನ್ನು ಆರಿಸಿದ. ಎಲ್ಲರನ್ನೂ ಬಸ್ಸಿನಲ್ಲಿ ಒಪೆರಾ ಹೌಸ್ ಹತ್ತಿರದ ದೊಡ್ಡ ಒಡವೆ ಅಂಗಡಿಗೆ ಕರೆದುಕೊಂಡು ಹೋದ. ಇದು ತರಬೇತಿಯ ಅಣಕು ದಾಳಿ ಅಂದಿದ್ದ. ಒಡವೆ, ನಗದು ಸೂಟ್‌ಕೇಸಿಗೆ ತುಂಬಿ, ಈಗ ಬರುತ್ತೇನೆ ಅಂತ ಹೊರಟವನು ಮತ್ತೆ ಬರಲಿಲ್ಲ. ಇವತ್ತಿನವರೆಗೂ ಸಿಕ್ಕಿಲ್ಲ. ಕಾಯುತ್ತಾ ಉಳಿದವರು ಆ 26 ಮಂದಿ. ಅವನ ಬಗ್ಗೆ ಸಿನಿಮಾ ಬಂತು, ಲೇಖನಗಳು ಬಂದವು. ಈ 26 ಮಂದಿಯ ಬಗ್ಗೆ ಕೇಳಿದ್ದು ನಮ್ಮ ಟೀಚರ್.

ಸಿನಿಮಾ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಈಗಲೂ ಹಿಡಿದು ಕೂರಿಸುತ್ತದೆ. ಆದರೆ ಮೋಸಗಾರನ ಜಾಣತನಕ್ಕೆ ಚಪ್ಪಾಳೆ ಹೊಡೆಯುವುದು ಮೋಸಹೋಗದವರಿಗೆ ಸುಲಭ. ಇಲ್ಲಿ ಮನೆಮನೆಯಿಂದ ಗಲ್ಫಿಗೆ ಹೋದವರಿದ್ದಾರೆ, ಹೋಗಲಾಗದೆ ಅರ್ಧ ದಾರಿಯಿಂದ ಬಂದವರೂ ಇದ್ದಾರೆ. ಅವರ ಪಕ್ಕ ಕೂತು ನೋಡಿದರೆ ಅದೇ ಕೊನೆ ಬೇರೆಯೇ ಕಾಣಿಸುತ್ತದೆ.

ಒಂಬತ್ತು ಗಂಟೆಗೆ ಕರೆಂಟ್ ಹೋಯಿತು. ಟಾರ್ಚ್ ಬೆಳಕಿನಲ್ಲಿ ಕುರ್ಚಿ ಒಟ್ಟಿದೆವು. ಹೊರಡುವಾಗ ಭಟ್ಟರ ತೋಟದ ಕೆಲಸದವರ ಮಗಳು ಹಿಂದೆಯೇ ಬಂದಳು. ಬಿ.ಕಾಂ. ಮುಗಿಸಿದ್ದಾಳೆ. ಕನ್ನಡ ಮಲಯಾಳಂ ಎರಡೂ ಬಲ್ಲವರಿಗೆ ಅಂತ ಇಲ್ಲಿ ಇರುವ ಕ್ಲರ್ಕ್ ಹುದ್ದೆಗೆ ಎರಡು ವರ್ಷದಿಂದ ಪಿ.ಎಸ್.ಸಿ. ಪರೀಕ್ಷೆ ಬರೆಯುತ್ತಿದ್ದಾಳೆ. ಚರ್ಚೆಯಲ್ಲಿ ಒಂದು ಮಾತೂ ಆಡಿರಲಿಲ್ಲ.

"ಸಾರ್, ಇದೊಂದು ನೋಡ್ತೀರಾ?"

ಕೊಡೆಯನ್ನು ಕತ್ತಿಗೂ ಭುಜಕ್ಕೂ ಒತ್ತಿ ಹಿಡಿದು ಫೋನ್ ತೋರಿಸಿದಳು. ಏರ್‌ಪೋರ್ಟಿನಲ್ಲಿ ಕೆಲಸ, ತಿಂಗಳಿಗೆ 32,000 ರೂಪಾಯಿ, ಸೀಲು, ಸಹಿ ಎಲ್ಲ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಯೂನಿಫಾರ್ಮಿಗೆ ಮೊದಲು 2,500 ರೂಪಾಯಿ ಕಟ್ಟಬೇಕು ಅಂತ. ಪರದೆಯ ಮೇಲೆ ಮಳೆ ಹನಿ ಬೀಳುತ್ತಿತ್ತು, ಅವಳು ದಾವಣಿಯ ತುದಿಯಿಂದ ಒರೆಸಿ ಒರೆಸಿ ತೋರಿಸುತ್ತಿದ್ದಳು.

"ಕಟ್ಟಿದೆಯಾ?" ಅಂದೆ.

"ಇಲ್ಲ ಸಾರ್. ಆದ್ರೆ ನಾಳೆ ಲಾಸ್ಟ್ ಡೇಟ್ ಅಂತ ಉಂಟು."