ಧಣಿಗಳ ಎರಡು ಬಸ್ಸು

8 ನವೆಂಬರ್ 2024, ಶುಕ್ರವಾರ

ಮಂಗಳವಾರ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪನ್ನು ಓದುತ್ತ ಕುಳಿತಿದ್ದಾಗ ಅಪ್ಪ ಎದುರಿನ ಕುರ್ಚಿಗೆ ಬಂದರು. ಸಂಪನ್ಮೂಲ ಎಲ್ಲರ ಒಳಿತಿಗೆ ಹಂಚಿಕೆಯಾಗುವಂತೆ ಸರ್ಕಾರ ನೋಡಿಕೊಳ್ಳಬೇಕೆನ್ನುವ ಸಂವಿಧಾನದ 39(ಬಿ) ವಿಧಿಯಲ್ಲಿರುವ ‘ಸಮುದಾಯದ ಭೌತಿಕ ಸಂಪನ್ಮೂಲ’ ಎಂಬ ಮಾತಿನೊಳಗೆ ಖಾಸಗಿಯವರ ಸ್ವತ್ತೆಲ್ಲವೂ ಬರುವುದಿಲ್ಲವೆಂದು ಏಳು ಮಂದಿ ಹೇಳಿದ್ದಾರೆಂದೂ, ಈ ಜಗಳದ ಬೇರು ನಮ್ಮ ಕರ್ನಾಟಕದ ಬಸ್ಸುಗಳಲ್ಲೇ ಇದೆಯೆಂದೂ ಹೇಳಿದೆ. ಖಾಸಗಿಯವರ ಗುತ್ತಿಗೆ ಬಸ್ಸುಗಳನ್ನು ಸರ್ಕಾರ ತನ್ನದಾಗಿಸಿಕೊಂಡ 1976ರ ಕಾಂಟ್ರ್ಯಾಕ್ಟ್ ಕ್ಯಾರಿಯೇಜ್ ಸ್ವಾಧೀನ ಕಾಯ್ದೆಯೆಂದರೆ ಅಪ್ಪನಿಗೆ ವಿವರಿಸಬೇಕಿರಲಿಲ್ಲ. ಆಗ ಅವರು ಕ್ಲೀನರ್ ಆಗಿದ್ದರು.

“ನಮ್ಮ ಧಣಿಗಳ ಎರಡು ಬಸ್ಸೂ ಅದರಲ್ಲೇ ಹೋದವು. ಈಗ ವಾಪಸ್ ಕೊಡುತ್ತಾರೇನು?”

ನಗು ಬಂತು. ಕೊಡುವುದಿಲ್ಲ. 1977ರ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಆ ಕಾಯ್ದೆಯನ್ನು ಸುಪ್ರೀಂ ಕೋರ್ಟಿನ ಅಂದಿನ ಪೀಠದ ಏಳೂ ನ್ಯಾಯಮೂರ್ತಿಗಳು ಎತ್ತಿಹಿಡಿದಿದ್ದರು. ಆದರೆ ಖಾಸಗಿ ಸಂಪನ್ಮೂಲವೂ ಸಮುದಾಯದ್ದೇ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದದ್ದು ಮೂವರ ಪರವಾಗಿ ಮಾತ್ರ. ಉಳಿದ ನಾಲ್ವರ ಪರವಾಗಿ ಬರೆದ ನ್ಯಾಯಮೂರ್ತಿ ಉಂಟ್ವಾಲಿಯಾ, ಆ ವ್ಯಾಖ್ಯಾನವನ್ನು ತಾವು ಒಪ್ಪಿದ್ದೇವೆಂದು ತಿಳಿಯಬಾರದೆಂದು ಸ್ಪಷ್ಟಪಡಿಸಿದ್ದರು. ಹೀಗಿದ್ದೂ ಅದೇ ಕೋರ್ಟಿನ 1982ರ ಸಂಜೀವ್ ಕೋಕ್ ತೀರ್ಪು ಆ ಮೂವರ ಮಾತನ್ನೇ ಆಧಾರವಾಗಿ ಹಿಡಿಯಿತು. ತರಗತಿಯಲ್ಲಿ ಇಷ್ಟು ವರ್ಷ ನಾನೂ ಅದನ್ನೇ ನಿರ್ವಿವಾದವೆಂಬಂತೆ ಪಾಠ ಮಾಡಿದ್ದೇನೆ. ಪೂರ್ವನಿರ್ಣಯದ ಶಿಸ್ತು, ಅಂದರೆ ಹಿಂದಿನ ಪೀಠದ ಬಹುಮತಕ್ಕೆ ಬದ್ಧವಾಗಿರಬೇಕೆಂಬ ನಿಯಮ, ಅಲ್ಲಿ ತಪ್ಪಿತೆಂಬ ಈಗಿನ ಬಹುಮತದ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಕೃಷ್ಣ ಅಯ್ಯರ್ ಅವರ ಬಗ್ಗೆ ಬಹುಮತದ ತೀರ್ಪು ಬಳಸಿದ ಧಾಟಿ ಮಾತ್ರ ಒಪ್ಪಿಗೆಯಾಗಲಿಲ್ಲ. ಅದೇ ಪೀಠದ ನ್ಯಾಯಮೂರ್ತಿ ನಾಗರತ್ನ ಅವರು ಭಾಗಶಃ ಸಹಮತ ಸೂಚಿಸಿಯೂ ಅದನ್ನು ಆಕ್ಷೇಪಿಸಿದ್ದಾರೆ. ಅಂದಿನ ಆರ್ಥಿಕ ನೀತಿಯ ನಡುವೆ ಬರೆದವರನ್ನು ಇಂದಿನ ನೀತಿಯ ಎದುರು ನಿಲ್ಲಿಸಿ ಗದರಿಸುವುದು ವಿಮರ್ಶೆಯಲ್ಲ.

“ಹಾಗಾದರೆ ಯಾರ ಸ್ವತ್ತು ಸಮುದಾಯದ್ದಾಗುತ್ತದೆ?” ಎಂದರು ಅಪ್ಪ. ಸ್ವತ್ತಿನ ಸ್ವರೂಪ, ಸಮುದಾಯದ ಮೇಲೆ ಅದರ ಪರಿಣಾಮ, ಅದರ ಕೊರತೆ, ಕೆಲವರ ಕೈಯಲ್ಲೇ ಅದು ಸೇರಿಕೊಂಡರೆ ಆಗುವ ಪರಿಣಾಮ, ಇವನ್ನೆಲ್ಲ ನೋಡಬೇಕೆಂದು ಬಹುಮತದವರು ಹೇಳಿದ್ದಾರೆ ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಧಣಿಗಳಿಗೆ ಇದ್ದದ್ದೇ ಎರಡು. ನಲವತ್ತು ಬಸ್ಸು ಇಟ್ಟವನಿಗೂ ಅವರಿಗೂ ಒಂದೇ ಕಾಯ್ದೆಯಾಯಿತಲ್ಲ?”

ಬಸ್ಸನ್ನು ಒಂದೊಂದಾಗಿ ನೋಡಬೇಕೋ, ಸಾರಿಗೆಯನ್ನು ಒಟ್ಟಾಗಿ ನೋಡಬೇಕೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಒಟ್ಟಾಗಿ ನೋಡಿದರೆ ಕೃಷ್ಣ ಅಯ್ಯರ್ ತಲುಪಿದ ಫಲಿತಾಂಶ ಈ ಹೊಸ ಒರೆಗಲ್ಲಿನಲ್ಲೂ ಉಳಿದೀತು. ಒಂದೊಂದಾಗಿ ನೋಡಿದರೆ ಆ ಎರಡು ಬಸ್ಸು ಧಣಿಗಳ ಬಳಿಯೇ ಉಳಿಯುತ್ತಿದ್ದವೇನೋ.